ತೊಳೆದು ಹಾಕೋ ಸ್ಟೀಲ್ ಆಯಿಲ್ ಫಿಲ್ಟರ್ ಒಳ್ಳೇದಾ, ಬಿಸಾಡೋ ಪೇಪರ್ ಫಿಲ್ಟರ್ ಒಳ್ಳೇದಾ? ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನಲ್ಲಿ ಎರಡನ್ನೂ ಹಾಕಿ ನೋಡಿದ ಮೇಲೆ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ದಿನಾ ಓಡಿಸುವ ಗಾಡಿಯಾಗಿದ್ದರೆ ಕಂಪನಿಯ ಪೇಪರ್ ಫಿಲ್ಟರ್ ತಗೊಳ್ಳಿ, ಪ್ರತಿ ಸಲ ಆಯಿಲ್ ಬದಲಿಸುವಾಗ ಹೊಸದು ಹಾಕಿ, ಹಳೇದು ಬಿಸಾಡಿ. ತೊಳೆದು ಮತ್ತೆ ಹಾಕುವ ಸ್ಟೀಲ್ ಫಿಲ್ಟರ್‌ಗೆ ದುಡ್ಡು ಸುರಿಯಬೇಡಿ. ತೊಳೆಯಲೇಬೇಕು ಅನ್ನುವ ಆಸೆ ಇದ್ದರೆ ತೊಳೆಯೋಕೆ ಒಂದು ಫಿಲ್ಟರ್ ನಿಮ್ಮ ಎಂಜಿನ್ ಒಳಗೆ ಆಗಲೇ ಇದೆ, ಗಾಡಿ ಶೋರೂಮಿನಿಂದ ಬಂದಾಗಿನಿಂದ ಅಲ್ಲೇ ಕೂತಿದೆ, ಬಹಳ ಜನ ಅದನ್ನು ಒಂದು ಸಲವೂ ಬಿಚ್ಚಿ ನೋಡಿರುವುದಿಲ್ಲ. ಅದರ ಬಗ್ಗೆ ಕೆಳಗೆ ಹೇಳುತ್ತೇನೆ, ನನಗೆ ಈ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸಿದ್ದು ಅದೇ.

ನನ್ನ ಗಾಡಿ ಹಳೇ ಮಾದರಿಯ ಕ್ಲಾಸಿಕ್ 350. ಅಂದರೆ ಯುಸಿಇ ಎಂಜಿನ್ (ಎಂಜಿನ್, ಕ್ಲಚ್, ಗೇರ್ ಬಾಕ್ಸ್ ಎಲ್ಲ ಒಂದೇ ಕವಚದಲ್ಲಿ ಇರುವಂಥದು), 2021ರಲ್ಲಿ ಜೆ ಸೀರೀಸ್ ಅನ್ನುವ ಹೊಸ ಎಂಜಿನ್‌ನ ಕ್ಲಾಸಿಕ್ ಬರುವ ಮುಂಚಿನದು. ಇದರಲ್ಲಿ ಆಯಿಲ್ ಫಿಲ್ಟರ್ ಎಂಜಿನ್ ಬಲಗಡೆ ಒಂದು ಚಿಕ್ಕ ಕವರ್ ಹಿಂದೆ ಇದೆ. ಮೂರು ಬೋಲ್ಟ್ ಬಿಚ್ಚಿದರೆ ಕವರ್ ಕೈಗೆ ಬರುತ್ತದೆ, ಒಳಗೆ ಬೆರಳುದ್ದದ ಮಡಿಕೆ ಮಡಿಕೆ ಕಾಗದದ ಸುರುಳಿ. ನೂರರಿಂದ ಇನ್ನೂರು ರೂಪಾಯಿ ಒಳಗೆ ಸಿಗುವ ಸಾಮಾನು. ಇದಕ್ಕೆ ಬದಲಾಗಿ ಹಾಕುವ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಫಿಲ್ಟರ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಸುಮಾರು ಎರಡು ಸಾವಿರ ಆಯಿತು. ಕಂಪನಿ ಹೆಸರು ಬೇಡ, ಅದೇ ಅಚ್ಚಿನ ಫಿಲ್ಟರನ್ನು ಬೇರೆ ಬೇರೆ ಹೆಸರಿನ ಡಬ್ಬಿಯಲ್ಲಿ ಹಾಕಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಡಬ್ಬಿ ಮೇಲೆ ದೊಡ್ಡದಾಗಿ ಬರೆದಿತ್ತು: ಒಂದೇ ಸಲ ಕೊಳ್ಳಿ, ಜೀವನಪೂರ್ತಿ ಬಳಸಿ, ಪವರ್ ಜಾಸ್ತಿ, ಪರಿಸರಕ್ಕೂ ಒಳ್ಳೇದು. ಈ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಫಿಲ್ಟರ್ ಮಾಡುವ ಕೆಲಸ. ಇಲ್ಲಿ ಲೆಕ್ಕ ನಡೆಯುವುದು ಮೈಕ್ರಾನ್‌ನಲ್ಲಿ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಬರಿಗಣ್ಣಿಗೆ ಕಾಣುವುದು ಹೆಚ್ಚೂಕಮ್ಮಿ 40ರವರೆಗೆ, ಅದಕ್ಕಿಂತ ಚಿಕ್ಕದು ಕಾಣುವುದಿಲ್ಲ. ಎಂಜಿನ್ ಒಳಗೆ ತಿರುಗುವ ಭಾಗಗಳ ನಡುವೆ ನಿಲ್ಲುವ ಆಯಿಲ್ ಪದರ ಕೆಲವೇ ಮೈಕ್ರಾನ್ ದಪ್ಪ ಇರುತ್ತದೆ. ಹಾಗಾಗಿ ಎಂಜಿನ್ ಸವೆಸುವ ಕಣಗಳಲ್ಲಿ ಕೆಟ್ಟವು ದೊಡ್ಡವಲ್ಲ, 5ರಿಂದ 20 ಮೈಕ್ರಾನ್ ನಡುವಿನವು. ಆ ಸಂದಿಗೆ ಸರಿಯಾಗಿ ಹೋಗಿ ಕೂರುವುದು ಅವೇ. ದೊಡ್ಡ ಚೂರು ಸಂದಿಯೊಳಗೆ ನುಗ್ಗೋಕೇ ಆಗಲ್ಲ.

ಈಗ ಸ್ಟೀಲ್ ಫಿಲ್ಟರ್ ನೋಡಿ. ಅಮೆರಿಕದ ಕೆ ಅಂಡ್ ಪಿ, ಸ್ಕಾಟ್ಸ್ ತರದ ಹೆಸರಾಂತ ಕಂಪನಿಗಳೇ ತಮ್ಮ ಜಾಲರಿ 35 ಮೈಕ್ರಾನ್ ಅಂತ ನೇರವಾಗಿ ಹೇಳುತ್ತವೆ. ಅಂದರೆ 35ಕ್ಕಿಂತ ದೊಡ್ಡದನ್ನು ಅದು ಖಂಡಿತ ಹಿಡಿಯುತ್ತದೆ, ಎಲ್ಲ ರಂಧ್ರವೂ ಒಂದೇ ಅಳತೆ, ಅದರಲ್ಲಿ ಮೋಸವಿಲ್ಲ. ಆದರೆ 35ಕ್ಕಿಂತ ಚಿಕ್ಕದು ಹೆಚ್ಚುಕಡಿಮೆ ಪೂರ್ತಿ ಆಚೆ ದಾಟಿ ಹೋಗುತ್ತದೆ. ಪೇಪರ್ ಫಿಲ್ಟರ್ ಕೆಲಸ ಮಾಡುವ ರೀತಿಯೇ ಬೇರೆ. ಅದರಲ್ಲಿ ನಾರುಗಳು ಅಡ್ಡಾದಿಡ್ಡಿ ಹೆಣೆದುಕೊಂಡಿವೆ, ಆಯಿಲ್ ಅದರ ದಪ್ಪದೊಳಗೆ ಸುತ್ತಿ ಬಳಸಿ ಹೋಗಬೇಕು, ಹೋಗುವಾಗ ಚಿಕ್ಕ ಕಣಗಳು ಎಲ್ಲಾದರೂ ಸಿಕ್ಕಿಕೊಳ್ಳುತ್ತವೆ. ಟೀ ಸೋಸುವ ಜರಡಿಗೂ ಪಂಚೆ ಬಟ್ಟೆಗೂ ಇರುವ ವ್ಯತ್ಯಾಸ ಇದು. ಪೇಪರ್‌ನಲ್ಲಿ 35ಕ್ಕಿಂತ ದೊಡ್ಡ ಕಣವೂ ಅಪರೂಪಕ್ಕೆ ನುಸುಳಬಹುದು, ಯಾಕೆಂದರೆ ರಂಧ್ರ ಒಂದೇ ಅಳತೆ ಇಲ್ಲ. ಆದರೆ 15 ಮೈಕ್ರಾನಿನ ಕಣದಲ್ಲೂ ಒಂದು ಪಾಲು ಪ್ರತಿ ಸುತ್ತಿಗೂ ಅದರಲ್ಲಿ ಉಳಿಯುತ್ತದೆ. ಆಯಿಲ್ ಒಂದೇ ಸಲ ಹೋಗಿ ಮುಗಿಯುವುದಿಲ್ಲ, ಗಾಡಿ ಓಡುತ್ತಿರುವಷ್ಟು ಹೊತ್ತೂ ಸುತ್ತುತ್ತಲೇ ಇರುತ್ತದೆ, ಒಂದೊಂದು ಸುತ್ತಿಗೂ ಇನ್ನಷ್ಟು ಚೊಕ್ಕ ಆಗುತ್ತದೆ. ಐಎಸ್‌ಒ 4548-12 ಅಂತ ಫಿಲ್ಟರ್ ಪರೀಕ್ಷೆಯ ಒಂದು ಮಾನದಂಡ ಇದೆ, ಅದರಲ್ಲೂ ಆಯಿಲನ್ನು ಮತ್ತೆ ಮತ್ತೆ ಸುತ್ತಿಸಿಯೇ ಯಾವ ಅಳತೆಯ ಕಣ ಎಷ್ಟು ಸಿಕ್ಕಿತು ಅಂತ ಎಣಿಸುತ್ತಾರೆ. ಆದ್ದರಿಂದ ಡಬ್ಬಿ ಮೇಲೆ ಬರೀ "35 ಮೈಕ್ರಾನ್" ಅಂತ ಇದ್ದರೆ ಅದು ಅರ್ಧ ವಿಷಯ ಅಷ್ಟೇ. ಎಷ್ಟು ಪಾಲು ಹಿಡಿಯುತ್ತದೆ ಅನ್ನೋದು ಉಳಿದರ್ಧ. ನಾನು ತರಿಸಿದ ಡಬ್ಬಿ ಮೇಲೆ ಮೊದಲರ್ಧವೂ ಇರಲಿಲ್ಲ, "ಮೈಕ್ರೋ ಮೆಶ್" ಅಂತ ಮಾತ್ರ ಇತ್ತು.

ನಮ್ಮ ಗಾಡಿಗಳಿಗೆ ಇದು ಯಾಕೆ ಇನ್ನೂ ಮುಖ್ಯ ಅಂದರೆ, ಹಳೇ ಕಾಸ್ಟ್ ಐರನ್ ಬುಲೆಟ್‌ನಲ್ಲಿ ಎಂಜಿನ್‌ಗೆ ಒಂದು ಆಯಿಲ್, ಕ್ಲಚ್ ಕಡೆಗೆ ಒಂದು, ಗೇರ್ ಬಾಕ್ಸ್‌ಗೆ ಒಂದು, ಹೀಗೆ ಬೇರೆ ಬೇರೆ ಇತ್ತು. ಯುಸಿಇ ಬಂದ ಮೇಲೆ ಮೂರಕ್ಕೂ ಒಂದೇ ಆಯಿಲ್. ಇವತ್ತಿನ ಹೆಚ್ಚಿನ ಬೈಕುಗಳಲ್ಲೂ ಹೀಗೇ. ಕ್ಲಚ್ ಪ್ಲೇಟ್ ಸವೆದು ಬರುವ ಕಪ್ಪು ಪುಡಿ, ಗೇರ್ ಹಲ್ಲಿನಿಂದ ಉದುರುವ ಸಣ್ಣ ಕಬ್ಬಿಣದ ಪುಡಿ, ಪಿಸ್ಟನ್ ಕಡೆಯ ಮಸಿ, ಎಲ್ಲವೂ ಅದೇ ಆಯಿಲ್‌ನಲ್ಲಿ. ಕಾರಿನ ಫಿಲ್ಟರ್‌ಗೆ ಹೋಲಿಸಿದರೆ ಬೈಕಿನ ಈ ಪುಟ್ಟ ಫಿಲ್ಟರ್ ಮೇಲೆ ಬೀಳುವ ಹೊರೆ ಜಾಸ್ತಿ. ಅದರಲ್ಲೂ ಸಿಟಿ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಹಿಡಿದು ಓಡಿಸುವವರ ಗಾಡಿಯ ಆಯಿಲ್ ಹೊರಗೆ ತೆಗೆದಾಗ ನೋಡಿ, ಗೊತ್ತಾಗುತ್ತದೆ.

ಪವರ್ ಜಾಸ್ತಿ ಆಗುತ್ತದೆ, ಆಯಿಲ್ ಸರಾಗ ಹರಿಯುತ್ತದೆ ಅನ್ನುವ ಮಾತು. ಸ್ಟೀಲ್ ಜಾಲರಿಯಲ್ಲಿ ಆಯಿಲ್ ಸುಲಭವಾಗಿ ಹೋಗುವುದು ನಿಜ. ಆದರೆ ಬೈಕಿನ ಆಯಿಲ್ ಪಂಪ್ ಒಂದು ಸುತ್ತಿಗೆ ಇಷ್ಟು ಅಂತ ಅಳೆದು ತಳ್ಳುವ ಪಂಪ್. ಎದುರಿಗೆ ಪೇಪರ್ ಇರಲಿ, ಜಾಲರಿ ಇರಲಿ, ಅದು ತಳ್ಳುವಷ್ಟನ್ನು ತಳ್ಳುತ್ತದೆ, ಒತ್ತಡ ಒಂಚೂರು ಹೆಚ್ಚುಕಮ್ಮಿ ಆಗುತ್ತದೆ ಅಷ್ಟೇ. ವ್ಯತ್ಯಾಸ ಬರುವುದು ಆಯಿಲ್ ತೀರಾ ಗಟ್ಟಿಯಾಗಿದ್ದಾಗ. ಆಗ ಪೇಪರ್ ಮೇಲೆ ಒತ್ತಡ ಜಾಸ್ತಿಯಾಗಿ ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ, ಸ್ವಲ್ಪ ಹೊತ್ತು ಸೋಸದ ಆಯಿಲ್ಲೇ ಎಂಜಿನ್‌ಗೆ ಹೋಗುತ್ತದೆ. ಎಂಜಿನ್ ಒಣಗೋದಕ್ಕಿಂತ ಅದು ವಾಸಿ ಅಂತ ಹಾಗೆ ಮಾಡಿರುತ್ತಾರೆ. ಲಡಾಖ್‌ನಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವವರಿಗೆ ಈ ಮಾತು ಅನ್ವಯಿಸುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಗೆ, ಮಡಿಕೇರಿಯ ಚಳಿಗೂ ಸೇರಿಸಿ ಹೇಳುತ್ತೇನೆ, ಬೆಳಿಗ್ಗೆ ಸ್ಟಾರ್ಟ್ ಮಾಡಿ ಒಂದು ನಿಮಿಷ ಬಿಟ್ಟು ನಿಧಾನಕ್ಕೆ ಹೊರಟರೆ ಸಾಕು. ಪವರ್ ವಿಷಯದಲ್ಲಿ ನನಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ, ಗೊತ್ತಾಗುವುದಕ್ಕೆ ಕಾರಣವೂ ಇಲ್ಲ.

ದುಡ್ಡಿನ ಲೆಕ್ಕ ಇನ್ನೂ ಸುಲಭ. ಪೇಪರ್ 150 ರೂಪಾಯಿ ಅಂತ ಇಟ್ಕೊಳ್ಳಿ, ಐದು ಸಾವಿರ ಕಿಲೋಮೀಟರಿಗೆ ಒಂದು. ಎರಡು ಸಾವಿರದ ಸ್ಟೀಲ್ ಫಿಲ್ಟರ್ ತನ್ನ ಬೆಲೆ ತೀರಿಸಬೇಕಾದರೆ ಸುಮಾರು ಹದಿಮೂರು ಸಲ ಆಯಿಲ್ ಬದಲಿಸಬೇಕು, ಅಂದರೆ ಸುಮಾರು 65,000 ಕಿಲೋಮೀಟರ್. ಹೊರದೇಶದ ಒಳ್ಳೇ ಕಂಪನಿಯದು ತರಿಸಿದರೆ ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ಆರು ಸಾವಿರ ಅಂದುಕೊಂಡರೂ ನಲವತ್ತು ಸಲ, ಎರಡು ಲಕ್ಷ ಕಿಲೋಮೀಟರ್. ಇದರಲ್ಲಿ ತೊಳೆಯುವ ಖರ್ಚು ಸೇರಿಸಿಲ್ಲ. ಪ್ರತಿ ಸಲ ಒಂದು ಬ್ರೇಕ್ ಕ್ಲೀನರ್ ಸ್ಪ್ರೇ ಖಾಲಿ ಮಾಡಿದರೆ ಹೊಸ ಪೇಪರ್ ಫಿಲ್ಟರ್‌ಗಿಂತ ಅದೇ ಜಾಸ್ತಿ ಆಗುತ್ತದೆ. ಪೆಟ್ರೋಲಿನಲ್ಲಿ ತೊಳೆದರೆ ಅಗ್ಗ, ಆದರೆ ಮನೆಯಲ್ಲಿ, ಅದೂ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ, ಬಾಂಡ್ಲಿಯಲ್ಲಿ ಪೆಟ್ರೋಲ್ ಹಾಕಿಕೊಂಡು ಕೂರುವ ಕೆಲಸ ದಯವಿಟ್ಟು ಮಾಡಬೇಡಿ. ನಾನು ಡೀಸೆಲ್‌ನಲ್ಲಿ ನೆನೆಸಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರಿನಲ್ಲಿ ಜಾಲಾಡಿ, ಕೊನೆಗೆ ಗಾಳಿ ಹೊಡೆಸಿ ಒಣಗಿಸುತ್ತಿದ್ದೆ.

ಈ ತೊಳೆಯುವ ಕೆಲಸದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮಾರುವವರ ವಿಡಿಯೋದಲ್ಲಿ ಇದು ಹತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆಯಿಲ್ ಹೊರಗಿನಿಂದ ಒಳಕ್ಕೆ ಹೋಗುವುದರಿಂದ ಕೊಳೆ ಇರುವುದು ಹೊರ ಮೈಯಲ್ಲಿ, ಮಡಿಕೆಗಳ ಬುಡದಲ್ಲಿ. ಹಾಗಾಗಿ ತೊಳೆಯುವಾಗಲೂ ಗಾಳಿ ಹೊಡೆಯುವಾಗಲೂ ಒಳಗಿನಿಂದ ಹೊರಕ್ಕೇ ಹೋಗಬೇಕು. ಹೊರಗಿನಿಂದ ಹೊಡೆದರೆ ಕೊಳೆ ಒಳಗಿನ ಚೊಕ್ಕ ಭಾಗಕ್ಕೆ ಬರುತ್ತದೆ, ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ನೇರ ಎಂಜಿನ್‌ಗೆ. ಗಾಳಿಯ ಒತ್ತಡವೂ ಕಮ್ಮಿ ಇರಬೇಕು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೂರ್ತಿ ಬಿಟ್ಟರೆ ಜಾಲರಿ ಉಬ್ಬುತ್ತದೆ. ಬ್ರಷ್ ಹಾಕಿ ಉಜ್ಜಬಾರದು. ಬಟ್ಟೆಯಲ್ಲಿ ಒರೆಸಲೂಬಾರದು. ಮೊಬೈಲ್ ಟಾರ್ಚ್ ಒಳಗೆ ಬಿಟ್ಟು ಹೊರಗಿನಿಂದ ನೋಡಿದರೆ ಜಾಲರಿ ಪೂರ್ತಿ ಒಂದೇ ತರ ಹೊಳೆಯಬೇಕು. ನಾನು ನೋಡಿದಾಗ ಎರಡು ಮಡಿಕೆಗಳ ಬುಡದಲ್ಲಿ ಗೆರೆ ಎಳೆದ ಹಾಗೆ ಕಪ್ಪಾಗಿ ಉಳಿದಿತ್ತು, ಎಷ್ಟು ನೆನೆಸಿದರೂ ಬಿಡಲಿಲ್ಲ. ಕ್ಲಚ್ ಪುಡಿ ಮತ್ತು ಮಸಿ ಸೇರಿ ಆದ ಅಂಟು ಅದು. ಇನ್ನೊಂದು ಕಡೆ ಬಿಳಿ ನೂಲಿನ ಒಂದು ಎಳೆ ಜಾಲರಿಗೆ ಸಿಕ್ಕಿಕೊಂಡಿತ್ತು, ಗ್ಯಾರೇಜ್‌ನ ವೇಸ್ಟ್ ಬಟ್ಟೆಯದೇ ಇರಬೇಕು. ಕೂದಲಿಗಿಂತ ತೆಳ್ಳಗಿನ ಎಳೆ, ಚಿಮಟದಲ್ಲಿ ಹಿಡಿದು ಎಳೆದರೆ ಅರ್ಧ ಬಂತು, ಅರ್ಧ ಒಳಗೇ ತುಂಡಾಯಿತು. ಪೇಪರ್ ಫಿಲ್ಟರ್‌ನಲ್ಲಿ ಈ ತಲೆನೋವೇ ಇಲ್ಲ. ಕೊಳೆಯ ಸಮೇತ ಹೊರಗೆ ಹೋಯಿತು, ಹೊಸದು ಬಂತು.

ಕೊನೆಗೆ ಅದನ್ನು ತೆಗೆದಿಟ್ಟಿದ್ದು ಬೇರೆ ಕಾರಣಕ್ಕೆ. ಜಾಲರಿಯನ್ನು ಎರಡು ತುದಿಯ ಅಲ್ಯುಮಿನಿಯಂ ಮುಚ್ಚಳಕ್ಕೆ ಎಪಾಕ್ಸಿ ಅಂಟಿನಲ್ಲಿ ಕೂರಿಸಿದ್ದರು. ಕೆಲವು ಸಲ ತೊಳೆದಾದ ಮೇಲೆ ಒಂದು ಕಡೆ ಅಂಟು ಬಿಳಿಚಿಕೊಂಡು, ಉಗುರು ಹಾಕಿದರೆ ಪುಡಿ ಬರೋಕೆ ಶುರುವಾಯಿತು. ಪೂರ್ತಿ ಒದ್ದೆ ಮಾಡಿ ಒಳಗಿನಿಂದ ಮೆಲ್ಲಗೆ ಊದಿದರೆ ಅದೇ ಜಾಗದಲ್ಲಿ ಮೊದಲು ಗುಳ್ಳೆ ಏಳುತ್ತಿತ್ತು. ಅಂದರೆ ಅಲ್ಲಿ ಸಂದಿ ಬಿದ್ದಿದೆ, ಆಯಿಲ್ ಜಾಲರಿ ಬಿಟ್ಟು ಆ ಸಂದಿಯಲ್ಲೇ ನುಗ್ಗುತ್ತದೆ. ಮಾರಿದವರಿಗೆ ಫೋಟೋ ಕಳಿಸಿದೆ. ಹದಿನೈದು ದಿನದ ವಾಪಸಾತಿ ಅವಧಿ ಮುಗಿದಿದೆ ಸರ್ ಅಂದರು. ಜೀವನಪೂರ್ತಿ ಅಂತ ಡಬ್ಬಿ ಮೇಲೆ ಇದೆಯಲ್ಲಾ ಅಂದೆ, ಅದಕ್ಕೆ ಉತ್ತರ ಬರಲಿಲ್ಲ. ಇದು ಅಗ್ಗದ ಫಿಲ್ಟರ್‌ನ ಕಥೆ, ಒಳ್ಳೇ ಕಂಪನಿಯವರದು ಹೀಗೇ ಅಂತ ಹೇಳುವುದಿಲ್ಲ. ಆದರೆ ನಮ್ಮಲ್ಲಿ ಎರಡು ಸಾವಿರದ ಆಸುಪಾಸಿನಲ್ಲಿ ಮಾರುವವು ಬಹುತೇಕ ಈ ತರದವೇ, ಕೊಳ್ಳುವವರು ಕೊಳ್ಳುವುದೂ ಇವನ್ನೇ. ತಗೊಳ್ಳಲೇಬೇಕು ಅನ್ನುವವರು ತುದಿಯ ಅಂಟನ್ನು ಮೊದಲು ನೋಡಿ, ಉದ್ದವನ್ನು ಕಂಪನಿ ಫಿಲ್ಟರ್ ಪಕ್ಕದಲ್ಲಿಟ್ಟು ಹೋಲಿಸಿ, ಒಂದು ಮಿಲಿಮೀಟರ್ ಗಿಡ್ಡ ಇದ್ದರೂ ಅದು ಸರಿಯಾಗಿ ಒತ್ತಿ ಕೂರುವುದಿಲ್ಲ.

ಈಗ ಪೇಪರ್ ಕಡೆ ಬರೋಣ. ಇದರಲ್ಲೂ ಎಲ್ಲ ಚೆನ್ನಾಗಿಲ್ಲ. ಬೆಂಗಳೂರಿನ ಜೆ.ಸಿ. ರೋಡ್‌ನ ಸ್ಪೇರ್ಸ್ ಅಂಗಡಿಯಲ್ಲಿ ಕ್ಲಾಸಿಕ್ ಆಯಿಲ್ ಫಿಲ್ಟರ್ ಕೊಡಿ ಅಂದರೆ ಮೊದಲು ಕೇಳುವುದೇ "ಒರಿಜಿನಲ್ ಬೇಕಾ ಸಾರ್, ಲೋಕಲ್ ಸಾಕಾ?" ಅಂತ. ಹಾಗೆ ಕೇಳಿದವರು ಪ್ರಾಮಾಣಿಕರು, ಅವರ ಹತ್ತಿರ ವ್ಯಾಪಾರ ಮಾಡಬಹುದು. ತೊಂದರೆ ಇರುವುದು ಒರಿಜಿನಲ್ ಡಬ್ಬಿಯಲ್ಲಿ ಲೋಕಲ್ ಮಾಲು ಇಟ್ಟು ಕೊಡುವವರ ಹತ್ತಿರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸುಮಾರಿಗೆ ಗೊತ್ತಾಗುತ್ತದೆ. ಒಳ್ಳೆಯದರಲ್ಲಿ ಮಡಿಕೆಗಳು ಒತ್ತಾಗಿ, ಒಂದೇ ಅಂತರದಲ್ಲಿ ಇರುತ್ತವೆ, ಕಾಗದ ಬೆರಳಿಗೆ ಗಡುಸಾಗಿ ಸಿಗುತ್ತದೆ, ತುದಿಯ ಅಂಟು ಸುತ್ತಲೂ ತುಂಬಿರುತ್ತದೆ. ಕಳಪೆಯದರಲ್ಲಿ ಮಡಿಕೆ ಕಮ್ಮಿ, ಒಂದು ಕಡೆ ಗುಂಪು, ಇನ್ನೊಂದು ಕಡೆ ಖಾಲಿ, ಕಾಗದ ಮೆತ್ತಗೆ, ಒಳಗೆ ಬರುವ ತೂತಿನ ತಗಡು ತೆಳ್ಳಗೆ. ಮಡಿಕೆ ಕಮ್ಮಿ ಅಂದರೆ ಕೊಳೆ ಹಿಡಿಯುವ ಜಾಗ ಕಮ್ಮಿ, ಬೇಗ ಕಟ್ಟಿಕೊಳ್ಳುತ್ತದೆ, ಬೈಪಾಸ್ ತೆರೆಯುತ್ತದೆ. ಐವತ್ತು ರೂಪಾಯಿ ಉಳಿಸೋಕೆ ಹೋಗಿ ಇದನ್ನು ಹಾಕುವುದಕ್ಕಿಂತ ಕಂಪನಿ ಸರ್ವೀಸ್ ಸೆಂಟರ್ ಕೌಂಟರಿನಲ್ಲೇ ಬಿಲ್ ಸಮೇತ ತಗೊಳ್ಳುವುದು ಮೇಲು. ಒಂದು ಸಲಕ್ಕೆ ಎರಡು ಮೂರು ತಗೊಂಡು ಇಟ್ಟುಕೊಳ್ಳಿ, ಕೆಡುವ ಸಾಮಾನಲ್ಲ.

ಓ-ರಿಂಗ್, ಅಂದರೆ ಆಯಿಲ್ ಸೋರದ ಹಾಗೆ ತಡೆಯುವ ರಬ್ಬರ್ ಬಳೆ, ಕೇಳಿ ತಗೊಳ್ಳಿ. ಫಿಲ್ಟರ್ ಜೊತೆ ಡಬ್ಬಿಯಲ್ಲಿ ಬಂದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಬೇರೆ ಕೊಳ್ಳಿ. ಗ್ಯಾರೇಜ್‌ಗಳಲ್ಲಿ ಹಳೇ ಓ-ರಿಂಗನ್ನೇ ಒರೆಸಿ ಹಾಕುವ ಅಭ್ಯಾಸ ಜಾಸ್ತಿ. ಬಿಸಿ ತಿಂದು ತಿಂದು ಅದು ಚಪ್ಪಟೆಯಾಗಿ ಗಡುಸಾಗಿರುತ್ತದೆ. ಸ್ಟೀಲ್ ಫಿಲ್ಟರ್ ಹಾಕಿದರೂ ಓ-ರಿಂಗ್ ಮಾತ್ರ ಪ್ರತಿ ಸಲ ಹೊಸದು ಬೇಕೇ ಬೇಕು, ಇದನ್ನು ಮಾರುವವರು ಹೇಳುವುದಿಲ್ಲ.

ಸ್ಟೀಲ್ ಫಿಲ್ಟರ್ ಪರವಾಗಿ ಒಂದು ಮಾತು ಬಹಳ ಕೇಳಿಬರುತ್ತದೆ: ತೊಳೆಯುವಾಗ ಎಂಜಿನ್‌ನಿಂದ ಏನು ಉದುರಿದೆ ಅಂತ ನೋಡಬಹುದು. ಸರಿಯಾದ ಮಾತು. ಆದರೆ ಪೇಪರ್‌ನಲ್ಲೂ ನೋಡಬಹುದು, ನನ್ನ ಪ್ರಕಾರ ಇನ್ನೂ ಚೆನ್ನಾಗಿ ನೋಡಬಹುದು. ಹಳೇ ಫಿಲ್ಟರನ್ನು ರಾತ್ರಿಯಿಡೀ ಒಂದು ಡಬ್ಬಿ ಮೇಲೆ ನಿಲ್ಲಿಸಿ ಆಯಿಲ್ ಸೋರಿಸಿ. ಬೆಳಿಗ್ಗೆ ಬ್ಲೇಡಿನಲ್ಲಿ ಎರಡು ತುದಿಯ ಹತ್ತಿರ ಕೊಯ್ದು ಕಾಗದವನ್ನು ಬಿಡಿಸಿ, ನ್ಯೂಸ್ ಪೇಪರ್ ಮೇಲೆ ಹಾಸಿ, ಮೇಲೊಂದು ಹಾಳೆ ಇಟ್ಟು ಒತ್ತಿ. ಆಮೇಲೆ ಬಿಸಿಲಿಗೆ ಹಿಡಿದು ಓರೆಯಾಗಿ ತಿರುಗಿಸಿ ನೋಡಿ. ಬೆಳ್ಳಿ ಬಣ್ಣದ ನವುರಾದ ಮಿನುಗು ಅಲ್ಲಲ್ಲಿ ಕಂಡರೆ ಗಾಬರಿ ಬೇಡ, ಓಡುವ ಎಂಜಿನ್‌ನಲ್ಲಿ ಅದು ಇದ್ದೇ ಇರುತ್ತದೆ, ಹೊಸ ಗಾಡಿಯ 500 ಕಿಲೋಮೀಟರ್ ಸರ್ವೀಸಿನಲ್ಲಂತೂ ಇನ್ನೂ ಜಾಸ್ತಿ. ಸ್ಪೀಕರ್ ಮ್ಯಾಗ್ನೆಟ್ ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೇಲೆ ಆಡಿಸಿ. ಅಂಟಿಕೊಂಡರೆ ಕಬ್ಬಿಣ, ಗೇರ್ ಅಥವಾ ಬೇರಿಂಗ್ ಕಡೆಯದು. ಅಂಟದ ಬೆಳ್ಳಿ ಬಣ್ಣದ್ದು ಅಲ್ಯುಮಿನಿಯಂ. ಹಿತ್ತಾಳೆ ಬಣ್ಣದ ಚೂರುಗಳು ಕಂಡರೆ ಬುಷ್ (ತಿರುಗುವ ದಂಡ ಕೂರುವ ಲೋಹದ ಬಳೆ) ಯಾವುದೋ ಸವೆಯುತ್ತಿದೆ. ಬೆರಳಿಗೆ ಚುಚ್ಚುವಷ್ಟು ದೊಡ್ಡ ಚೂರು, ಉದ್ದನೆಯ ಸಿಬಿರು ತರದ್ದು ಸಿಕ್ಕರೆ ಗಾಡಿ ಓಡಿಸಬೇಡಿ, ಆ ಕಾಗದವನ್ನೇ ಮಡಚಿಕೊಂಡು ಹೋಗಿ ಮೆಕ್ಯಾನಿಕ್‌ಗೆ ತೋರಿಸಿ. ಸರ್ವೀಸ್‌ಗೆ ಹೊರಗೆ ಕೊಡುವವರು ಹಳೇ ಫಿಲ್ಟರ್ ಕೇಳಿ ವಾಪಸ್ ತಗೊಳ್ಳಿ. ಬದಲಿಸಿದ್ದಾರೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ, ಕೊಯ್ದು ನೋಡುವುದಕ್ಕೂ ಆಗುತ್ತದೆ.

ಮೊದಲಿಗೆ ಹೇಳಿದ ವಿಷಯಕ್ಕೆ ಬಂದೆ. ನಮ್ಮ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ತೊಳೆದು ಮತ್ತೆ ಹಾಕುವ ಫಿಲ್ಟರ್ ಇರುವ ಗಾಡಿಗಳೇ ಎಷ್ಟೊಂದು. ಸ್ಪ್ಲೆಂಡರ್ ತಗೊಳ್ಳಿ, 1994ರಿಂದ ಹಳ್ಳಿ ಹಳ್ಳಿಯಲ್ಲಿ ಓಡುತ್ತಿರುವ ಆ 97.2 ಸಿಸಿ ಎಂಜಿನ್‌ನಲ್ಲಿ ಪೇಪರ್ ಫಿಲ್ಟರ್ ಇಲ್ಲವೇ ಇಲ್ಲ. ಬಲಗಡೆ ಕ್ಲಚ್ ಕವರ್ ಒಳಗೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಎಂಜಿನ್‌ನ ಮುಖ್ಯ ದಂಡ) ತುದಿಗೆ ಒಂದು ಪುಟ್ಟ ಡ್ರಮ್ ಇದೆ, ಕ್ರ್ಯಾಂಕ್ ಜೊತೆ ಅದೂ ಗಿರ್ರನೆ ಸುತ್ತುತ್ತದೆ. ಆಯಿಲ್ ಅದರೊಳಗೆ ಹೋದಾಗ ಭಾರದ ಕಣಗಳು ಅಂಚಿಗೆ ಎಸೆಯಲ್ಪಟ್ಟು ಅಲ್ಲೇ ಕಚ್ಚಿಕೊಳ್ಳುತ್ತವೆ, ನಡುವಿನ ಚೊಕ್ಕ ಆಯಿಲ್ ಮುಂದೆ ಹೋಗುತ್ತದೆ. ಕೆಳಗೆ ಒಂದು ಜಾಲರಿ ಕೂಡ ಇದೆ. ಎರಡನ್ನೂ ತೊಳೆಯಬೇಕು. ಆದರೆ ತೊಳೆಯಬೇಕಾದರೆ ಕ್ಲಚ್ ಕವರ್ ಬಿಚ್ಚಬೇಕು, ಹೊಸ ಗ್ಯಾಸ್ಕೆಟ್ ಹಾಕಬೇಕು, ಅರ್ಧ ದಿನದ ಕೆಲಸ. ಹಾಗಾಗಿ ಯಾರೂ ಮಾಡುವುದಿಲ್ಲ. ಬರೀ ಡ್ರೈನ್ ಬೋಲ್ಟ್ ಬಿಚ್ಚಿ, ಆಯಿಲ್ ಇಳಿಸಿ, ಹೊಸದು ಸುರಿದು ಕಳಿಸುತ್ತಾರೆ. ವರ್ಷಗಟ್ಟಲೆ ಓಡಿದ ಒಂದು ಸ್ಪ್ಲೆಂಡರ್‌ನ ಆ ಡ್ರಮ್ ಬಿಚ್ಚುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಒಳಗೆ ಸುತ್ತಲೂ ಬೂದು ಬಣ್ಣದ ಜೇಡಿಮಣ್ಣಿನಂಥ ಪದರ ಗಟ್ಟಿಯಾಗಿ ಕೂತಿತ್ತು, ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದು ತೆಗೆಯಬೇಕಾಯಿತು. ಅಷ್ಟು ಕೊಳೆ ಹಿಡಿದಿಟ್ಟುಕೊಂಡು ಆ ಎಂಜಿನ್ ಇನ್ನೂ ಓಡುತ್ತಿತ್ತು, ಆ ವಿನ್ಯಾಸದ ಬಗ್ಗೆ ನನಗೆ ಗೌರವ ಬಂದದ್ದು ಅವತ್ತು.

ಆಕ್ಟಿವಾದಲ್ಲಿ ಸ್ಪ್ರಿಂಗ್ ಜೊತೆ ಕೂರುವ ಒಂದು ಜಾಲರಿ ಇದೆ, ಅದನ್ನು ತೊಳೆಯೋದು ಎರಡು ನಿಮಿಷದ ಕೆಲಸ, ಅದನ್ನೂ ಬಿಡುತ್ತಾರೆ. ಕೆಟಿಎಂ ಡ್ಯೂಕ್‌ನಲ್ಲಿ ಪೇಪರ್ ಫಿಲ್ಟರ್ ಜೊತೆಗೆ ಜಾಲರಿಯೂ ಇದೆ. ನನ್ನ ಕ್ಲಾಸಿಕ್‌ನಲ್ಲೂ ಎಂಜಿನ್ ಕೆಳಗೆ ಸ್ಟ್ರೈನರ್ ಇದೆ, ಪಂಪ್‌ಗೆ ಹೋಗುವ ಮೊದಲೇ ದೊಡ್ಡ ಚೂರುಗಳನ್ನು ತಡೆಯುವುದು ಅದು. ಒರಟು ಕೆಲಸಕ್ಕೆ ಕಂಪನಿಯವರೇ ಸ್ಟೀಲ್ ಜಾಲರಿ ಇಟ್ಟಿದ್ದಾರೆ, ನವುರು ಕೆಲಸಕ್ಕೆ ಕಾಗದ ಇಟ್ಟಿದ್ದಾರೆ. ನಾವು ಕಾಗದ ತೆಗೆದು ಅಲ್ಲೂ ಜಾಲರಿ ಹಾಕಿದರೆ ನವುರು ಕೆಲಸ ಮಾಡುವವರು ಯಾರು? ಸ್ಟೀಲ್ ಫಿಲ್ಟರ್ ಬೇಡ ಅನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದು, ಅಂಟು ಬಿಟ್ಟಿದ್ದು ಎರಡನೆಯದು. ಹಳೇ ಕಾಸ್ಟ್ ಐರನ್ ಬುಲೆಟ್ ಇಟ್ಟಿರುವ ಹಿರಿಯರು ಹೇಳುತ್ತಾರೆ, ಆಗ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಫಿಲ್ಟರ್ ಇತ್ತು, ಪೆಟ್ರೋಲಿನಲ್ಲಿ ಅದ್ದಿ ಹಿಂಡಿ ಮತ್ತೆ ಹಾಕುತ್ತಿದ್ದೆವು, ಏನೂ ಆಗಿಲ್ಲ ಅಂತ. ಅವರ ಮಾತು ಆ ಎಂಜಿನ್‌ಗೆ ಸರಿ. ಕ್ಲಚ್ ಪುಡಿ ಆ ಫಿಲ್ಟರ್‌ಗೆ ಬರುತ್ತಲೇ ಇರಲಿಲ್ಲ, ಆಯಿಲನ್ನೂ ಬೇಗ ಬೇಗ ಬದಲಿಸುತ್ತಿದ್ದರು. ಮೈಸೂರಿನ ಐಡಿಯಲ್ ಜಾವಾದವರು 1996ರವರೆಗೆ ಮಾಡುತ್ತಿದ್ದ ಯೆಜ್ಡಿಯಲ್ಲಂತೂ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಟೂ ಸ್ಟ್ರೋಕ್, ಪೆಟ್ರೋಲಿಗೇ ಆಯಿಲ್ ಬೆರೆಸೋದು, ಅದು ಸುಟ್ಟುಹೋಗೋದು, ಸೋಸುವುದಕ್ಕೆ ಏನಿದೆ.

ಧೂಳಿನ ಬಗ್ಗೆ ಒಂದು ಮಾತು, ಬಳ್ಳಾರಿ, ಹೊಸಪೇಟೆ ಕಡೆ ಓಡಿಸುವವರು ಬಹಳ ಕೇಳುತ್ತಾರೆ. ಅದಿರು ಲಾರಿ ಓಡುವ ಆ ರಸ್ತೆಯ ಕೆಂಪು ಧೂಳು ಎಂಜಿನ್‌ಗೆ ಹೋಗುವುದು ಏರ್ ಫಿಲ್ಟರ್ ಮೂಲಕ. ಅಲ್ಲಿ ತಡೆದರೆ ಆಯಿಲ್‌ಗೆ ಬರುವುದೇ ಇಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡು, ಅಂಚಿನ ರಬ್ಬರ್ ಸರಿಯಾಗಿ ಕೂರದೆ ಇದ್ದರೆ ಆಯಿಲ್ ಫಿಲ್ಟರ್ ಎಷ್ಟೇ ಒಳ್ಳೇದಿದ್ದರೂ ಪ್ರಯೋಜನ ಕಮ್ಮಿ. ಆ ಕಡೆಯವರು ಸ್ಟೀಲ್ ಆಯಿಲ್ ಫಿಲ್ಟರ್‌ಗೆ ಇಟ್ಟ ದುಡ್ಡಿನಲ್ಲಿ ಏರ್ ಫಿಲ್ಟರನ್ನು ಇನ್ನೂ ಬೇಗ ಬೇಗ ಬದಲಿಸಿ.

ಹಾಗಾದರೆ ಸ್ಟೀಲ್ ಫಿಲ್ಟರ್ ಯಾರಿಗೂ ಬೇಡವಾ? ಬೇಕಾದವರು ಇದ್ದಾರೆ. ಟ್ರ್ಯಾಕ್‌ನಲ್ಲಿ ಓಡಿಸುವವರು, ಮೋಟೋಕ್ರಾಸ್ ಬೈಕ್ ಇಟ್ಟವರು ಕೆಲವೇ ಗಂಟೆ ಓಡಿಸಿ ಆಯಿಲ್ ಬದಲಿಸುತ್ತಾರೆ, ಪ್ರತಿ ಸಲ ಬಿಚ್ಚಿ ನೋಡುವುದು ಅವರ ಅಭ್ಯಾಸ. ಅಷ್ಟು ಬೇಗ ಆಯಿಲ್ಲೇ ಹೊರಗೆ ಹೋಗುವುದರಿಂದ ಸಣ್ಣ ಕಣ ಸೇರಿಕೊಳ್ಳುವುದಕ್ಕೆ ಸಮಯವೂ ಇರುವುದಿಲ್ಲ. ಹೊರದೇಶದ ಹಳೇ ಬೈಕ್ ಇಟ್ಟುಕೊಂಡು ಪೇಪರ್ ಫಿಲ್ಟರ್‌ಗೆ ತಿಂಗಳುಗಟ್ಟಲೆ ಕಾಯುವವರಿಗೂ ಒಳ್ಳೇ ಕಂಪನಿಯದು ಕೆಲಸಕ್ಕೆ ಬರುತ್ತದೆ. ದೂರದ ಪ್ರವಾಸಕ್ಕೆ ಅಂತ ಕೊಳ್ಳುವವರಿಗೆ ಮಾತ್ರ ನನ್ನ ಮಾತು ಬೇರೆ: ಎರಡು ಪೇಪರ್ ಫಿಲ್ಟರ್ ಟ್ಯಾಂಕ್ ಬ್ಯಾಗ್‌ನಲ್ಲಿ ಇಟ್ಟರೆ ಭಾರವೇ ಗೊತ್ತಾಗುವುದಿಲ್ಲ. ದಾರಿ ಪಕ್ಕದಲ್ಲಿ ಡೀಸೆಲ್ ಹುಡುಕಿ ತೊಳೆದು ಒಣಗಿಸುತ್ತಾ ಕೂರುವುದಕ್ಕಿಂತ ಅದು ಸುಲಭ. ಇಂಟರ್‌ಸೆಪ್ಟರ್ 650ರಂಥ ಗಾಡಿಯಲ್ಲಿ ಇರುವುದು ತಿರುಗಿಸಿ ಕೂರಿಸುವ ಡಬ್ಬಿ ಫಿಲ್ಟರ್, ಅದು ಪೇಪರ್ ಸುರುಳಿಗಿಂತ ದುಬಾರಿ, ಆದರೂ ನನ್ನ ಲೆಕ್ಕ ಬದಲಾಗುವುದಿಲ್ಲ. ವಾರಂಟಿ ಇರುವ ಯಾವ ಗಾಡಿಗೂ ಹೊರಗಿನ ಜಾಲರಿ ಹಾಕಬೇಡಿ. ನಾಳೆ ಎಂಜಿನ್‌ಗೆ ಏನಾದರೂ ಆದರೆ ಮೊದಲು ಬೆರಳು ತೋರಿಸುವುದು ಅದರ ಕಡೆಗೇ.

ಪರಿಸರದ ಮಾತು ಉಳಿಯಿತು. ವರ್ಷಕ್ಕೆ ಒಂದೆರಡು ಪುಟ್ಟ ಕಾಗದದ ಸುರುಳಿ ಬಿಸಾಡುತ್ತೇವೆ, ನಿಜ. ಆದರೆ ಸ್ಟೀಲ್ ಫಿಲ್ಟರ್ ತೊಳೆದ ಡೀಸೆಲ್, ಸೋಪಿನ ಎಣ್ಣೆ ನೀರು ಎಲ್ಲಿಗೆ ಹೋಗುತ್ತದೆ? ಹೆಚ್ಚಿನವರ ಮನೆಯಲ್ಲಿ ಚರಂಡಿಗೆ. ಕಾಗದದಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿದ್ದ ಕೊಳೆಯನ್ನು ನೀರಿಗೆ ಬಿಟ್ಟ ಹಾಗಾಯಿತು. ನನಗೆ ಇದು ಸಣ್ಣ ವಿಷಯ ಅಲ್ಲ. ಬಳಸಿದ ಎಂಜಿನ್ ಆಯಿಲ್ ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಮಣ್ಣಿಗೆ ಸುರಿಯುವಂತಿಲ್ಲ, ಬೇಲಿ ಗೂಟಕ್ಕೆ ಗೆದ್ದಲು ಬಾರದಿರಲಿ ಅಂತ ಬಳಿಯುವಂತಿಲ್ಲ. ನಾನು ಹಳೇ ಆಯಿಲನ್ನು ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿಸುತ್ತೇನೆ. ಕೊಯ್ದು ನೋಡಿದ ಫಿಲ್ಟರನ್ನು ಚೆನ್ನಾಗಿ ಸೋರಿಸಿ ಕವರಿನಲ್ಲಿ ಕಟ್ಟುತ್ತೇನೆ. ಎರಡನ್ನೂ ಸರ್ವೀಸ್ ಸೆಂಟರ್‌ಗೆ ಕೊಟ್ಟು ಬರುತ್ತೇನೆ, ಅಲ್ಲಿ ಬ್ಯಾರಲ್‌ನಲ್ಲಿ ಸೇರಿಸಿಟ್ಟು ಪರವಾನಗಿ ಇರುವವರಿಗೆ ಕೊಡುತ್ತಾರೆ. ನಿಮ್ಮ ಊರಿನ ಗ್ಯಾರೇಜ್‌ನವರು ಯಾರಿಗೆ ಕೊಡುತ್ತಾರೆ ಅಂತ ಒಂದು ಸಲ ಕೇಳಿ ನೋಡಿ. ಸರಿಯಾದ ಉತ್ತರ ಬರದಿದ್ದರೆ ಹತ್ತಿರದ ಯಾವುದಾದರೂ ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ವಿಚಾರಿಸಿ, ಹೊಸ ಫಿಲ್ಟರ್ ಕೊಳ್ಳೋಕೆ ಹೇಗಿದ್ದರೂ ಅಲ್ಲಿಗೆ ಹೋಗಬೇಕಲ್ವಾ, ಹಳೇದನ್ನೂ ಆಗಲೇ ತಗೊಂಡು ಹೋಗಿ.